ಕುಂಕುಮದ ಕೆಳಗಿನ ನಂಬರು

ಆಯುಧಪೂಜೆ ಕಳೆದ ಎರಡನೇ ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಭವ್ಯಶ್ರೀ ಠಾಣೆಗೆ ಬಂದು ದೂರು ಕೊಟ್ಟಳು. ಅವಳ ಗಂಡ ಲಿಂಗರಾಜು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದಡಿ ಸಿಕ್ಕಿ ಸತ್ತಿದ್ದ. ಸೂಚನೆ ಪಾಲಿಸದೆ ಕೈಹಾಕಿದ, ತಪ್ಪು ಅವನದೇ ಎಂದು ಕಾರ್ಖಾನೆ ಬರೆದುಕೊಟ್ಟಿತ್ತು.

"ನಮ್ಮೆಜಮಾನ್ರು ಬೈಕ್ ಸ್ಟ್ಯಾಂಡ್ ಹಾಕಿದ್ಮೇಲೂ ಇನ್ನೊಂದ್ಸಲ ನೋಡೋರು ಮೇಡಂ. ನಾಳೆ ನನ್ ಮಗಳು, ಅಪ್ಪ ತನ್ ತಪ್ಪಿಂದ್ಲೇ ಸತ್ತ ಅಂತ ಓದ್ಬಾರ್ದು."

ಇನ್ಸ್‌ಪೆಕ್ಟರ್ ಧರಣಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಬೀರಯ್ಯನೊಂದಿಗೆ ಕಾರ್ಖಾನೆಗೆ ಹೊರಟಳು.

ಆ ಯಂತ್ರದ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಲಿಂಗರಾಜು ಹೋದ ಮೇಲೂ ಅದು ಒಮ್ಮೆ ತಾನಾಗಿಯೇ ಎದ್ದಿತ್ತಂತೆ. ಅವನಿನ್ನೂ ಅಲ್ಲೇ ಬಗ್ಗಿ ನಿಂತಿದ್ದಾನೆ ಎಂದು ಕೆಲಸಗಾರರು ತಗ್ಗಿದ ದನಿಯಲ್ಲಿ ಹೇಳಿದರು.

ಪಂಚರ ಎದುರು ಧರಣಿ ಯಂತ್ರಕ್ಕೆ ಅಂಟಿಸಿದ್ದ ಸೂಚನಾ ಹಾಳೆ ಓದಿಸಿದಳು: ಕೆಂಪು ಗುಂಡಿ ಎರಡು ಸಲ ಒತ್ತಿ, ಪರದೆ ಕಪ್ಪಾದರೆ ಯಂತ್ರ ಪೂರ್ತಿ ನಿಂತಂತೆ. ಎಲ್ಲರನ್ನೂ ದೂರ ಸರಿಸಿ ಹಾಗೆಯೇ ಮಾಡಿಸಿದಳು. ಪರದೆ ಕಪ್ಪಾಯಿತು. ಶೆಡ್ಡಿನಲ್ಲಿ ಸದ್ದಡಗಿತು. ಬೀರಯ್ಯ ಪಂಚನಾಮೆಯ ಎರಡನೇ ಸಾಲು ಮುಗಿಸಿರಲಿಲ್ಲ, ಪ್ರೆಸ್ ಧಡ್ಡನೆ ಕೆಳಗಿಳಿಯಿತು.

"ಇದು ಗಾಳಿ ಚೇಷ್ಟೆನೇ ಮೇಡಂ."

"ಗಾಳೀನ ಅರೆಸ್ಟ್ ಮಾಡಕ್ಕಾಗುತ್ತೇನ್ರೀ ಬೀರಯ್ಯ? ಬರೀರಿ."

ಹಾಗೆಂದು ಅವಳು ಶೆಡ್ಡಿನ ಸುತ್ತ ಕಣ್ಣಾಡಿಸಿದಳು. ಮಿಕ್ಕ ಯಂತ್ರಗಳಲ್ಲಿ ಹಬ್ಬದ ಕುಂಕುಮ ಕಬ್ಬಿಣದ ಮೇಲಿತ್ತು. ಇಲ್ಲಿ ಮಾತ್ರ ಹಾಳೆಯ ಮೇಲ್ತುದಿಗೆ ಮೆತ್ತಿದ್ದರು. ಪೂಜೆಯ ಕುಂಕುಮವನ್ನು ಯಾರು ತಾನೇ ಒರೆಸುತ್ತಾರೆ? ಬೀರಯ್ಯನೂ ಬೇಡವೆಂದ. ಧರಣಿಗೆ ಭವ್ಯಶ್ರೀಯ ಬರಿದಾದ ಹಣೆ ನೆನಪಾಯಿತು. ಒದ್ದೆ ಬಟ್ಟೆಯಿಂದ ಒರೆಸಿದಳು. ಕೆಳಗೆ 'ಆವೃತ್ತಿ' ಎಂದಿತ್ತು. ಮುಂದಿನ ನಂಬರನ್ನು ಬ್ಲೇಡಿನಿಂದ ಕೆರೆದಿದ್ದರು.

ಯಂತ್ರ ಮಾರಿದವರು ಫೋನಿನಲ್ಲಿ ಬಿಡಿಸಿ ಹೇಳಿದರು. ಆ ಹಾಳೆ ನಾಲ್ಕನೇ ಆವೃತ್ತಿಯ ಆಪರೇಟಿಂಗ್ ಸಿಸ್ಟಂಗೆ ಬರೆದದ್ದು. ಹಬ್ಬಕ್ಕೆ ಮುಂಚೆ ಯಂತ್ರದ ಕಂಪ್ಯೂಟರಿಗೆ ಐದನೆಯದನ್ನು ಹಾಕಲಾಗಿತ್ತು. ಐದರಲ್ಲಿ ಎರಡು ಸಲ ಒತ್ತಿದರೆ ಯಂತ್ರ ಪರದೆ ಆರಿಸಿ ತುಸು ಹೊತ್ತು ಕಾಯುತ್ತದೆ, ಅಷ್ಟೆ. ಆಮೇಲೆ ಮತ್ತೆ ಏಳುತ್ತದೆ.

ಸಿಸ್ಟಂ ಬದಲಿಸಿದ್ದೂ, ಆ ಯಂತ್ರಕ್ಕೆ ಪೂಜೆ ಮಾಡಿದ್ದೂ ಸೂಪರ್‌ವೈಸರ್ ಪ್ರೇಮ್‌ಕುಮಾರ್ ಎಂದು ಎಲ್ಲರೂ ಹೇಳಿದರು. ಲಿಂಗರಾಜುವಿನ ಗೆಳೆಯನೂ ಅವನೇ. ಧರಣಿ ಅವನನ್ನು ಕರೆಸಿದಳು.

"ನಂಬರ್ ಯಾಕ್ರೀ ಕೆರೆದ್ರಿ?"

"ಸೇಫ್ಟಿ ಆಡಿಟ್ ಇತ್ತು ಮೇಡಂ. ನಂಬರ್ ಇದ್ದಿದ್ರೆ ಹಾಳೆ ಹಳೇದು ಅಂತ ಗೊತ್ತಾಗೋದು."

"ಹೊಸ ಕೈಪಿಡಿ ಬಂದಿರ್ಲಿಲ್ವಾ?"

"ಬಂದಿತ್ತು. ಓದಿದ್ರೆ ಅರ್ಥ ಆಗ್ಲಿಲ್ಲ. ಎಲ್ಲಾ ಗೊತ್ತು ಅಂತ ಮೇಲಿನೋರಿಗೆ ಹೇಳ್ಬುಟ್ಟಿದ್ದೆ."

"ಲಿಂಗರಾಜು ಏನೂ ಕೇಳ್ಲಿಲ್ವಾ?"

"ಕೇಳ್ದ. ಹೊಸ ಸಿಸ್ಟಂಗೂ ಇದೇ ಹಾಳೇನಾ ಅಂದ. ಇದೇ ಕಣೋ, ಮಾಡು ಅಂದೆ."

ಸಂಜೆ ಅವನನ್ನು ಬಂಧಿಸಿದರು. ಗೊತ್ತಿಲ್ಲ ಎನ್ನಲು ಪಟ್ಟ ನಾಚಿಕೆ ಅವನಿಂದ ಇಷ್ಟನ್ನು ಮಾಡಿಸಿತ್ತು. ಜೀಪಿನಲ್ಲಿ ಅವನು ಒಂದೇ ಮಾತು ಕೇಳಿದ, ಯಂತ್ರ ಆಫ್ ಮಾಡಿಸಿದ್ದಾರೆಯೇ ಎಂದು.

ಠಾಣೆಯ ಬೆಂಚಿನಲ್ಲಿ ಕಾದಿದ್ದ ಭವ್ಯಶ್ರೀ ಎಲ್ಲವನ್ನೂ ಕೇಳಿಸಿಕೊಂಡಳು.

"ಹಂಗಾದ್ರೆ ಅವ್ರು, ಬರೆದಿದ್ದಂಗೇ ಮಾಡಿದ್ರಾ ಮೇಡಂ?"

"ಬರೆದಿದ್ದಂಗೇ ಮಾಡಿದ್ರಮ್ಮ," ಎಂದಳು ಧರಣಿ.