ಎರಡು ಚುಕ್ಕೆ

"ಎಂಟನೇ ಕ್ಲಾಸ್ ದಾಟದವರ ಕೈಗೆ ಕೆಲಸ ಕೊಟ್ರೆ ಇನ್ನೇನಾಗತ್ತೆ ಸರ್."

ಇಷ್ಟೇ ಅಂದಳು. ಜೋರಾಗಿಯೂ ಅಲ್ಲ. ಆದರೆ ಲ್ಯಾಬಿನಲ್ಲಿ ಆಗ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೂವತ್ತು ಜನಕ್ಕೂ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು.

ಅದಕ್ಕೆ ಸ್ವಲ್ಪ ಮೊದಲು ಅವಳ ಪ್ರಾಜೆಕ್ಟಿನ ಶಾಫ್ಟಿನಿಂದ ಬೇರಿಂಗ್ ಬಿದ್ದಿತ್ತು. ಬಡಿದು ಕೂರಿಸಬೇಕಾದ ಬೇರಿಂಗು ಸಡಿಲ ಬಳೆಯ ಹಾಗೆ ಕಳಚಿಕೊಂಡು, ಟಣ್ ಎಂದು ನೆಲಕ್ಕೆ ಬಿದ್ದು, ಉರುಳುತ್ತಾ ಹೋಗಿ ಗೈಡ್ ಸರ್ ಬೂಟಿಗೆ ತಾಗಿ ನಿಂತಿತು. ಪೆಡಲ್ ತುಳಿದರೆ ನೀರೆತ್ತುವ ಪಂಪು ಅವಳ ಗುಂಪಿನ ಪ್ರಾಜೆಕ್ಟು. ಮೊದಲ ರಿವ್ಯೂ. ಗೈಡ್ ಸರ್ ಬಗ್ಗಿ ಬೇರಿಂಗ್ ಎತ್ತಿಕೊಂಡು, "ಲೇತಲ್ಲಿ ಯಾರು ಟರ್ನಿಂಗ್ ಮಾಡಿದ್ದು ಈ ಶಾಫ್ಟನ್ನ?" ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಅದು.

ಎಂಟನೇ ಕ್ಲಾಸ್ ದಾಟದವನು ನಾನು. ಆ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತೇನೆ. ಸ್ಪ್ಯಾನರ್ ತಲುಪಿಸಲು ಬಂದು ಬಾಗಿಲಲ್ಲೇ ನಿಂತಿದ್ದೆ.

ಮೇಜಿನ ತನಕ ನಡೆದು ಹೋಗಿ ಶಾಫ್ಟ್ ಕೈಗೆ ತೆಗೆದುಕೊಂಡೆ. ತಿರುಗಿಸಿ ಅದರ ತುದಿ ನೋಡಿದೆ. ತುದಿ ಬೋಳಾಗಿತ್ತು.

ನನ್ನ ಸೋದರಮಾವನ ಲೇತ್ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಮುಗಿದ ಕೆಲಸದ ತುದಿಯಲ್ಲಿ, ಕಾಣದ ಜಾಗದಲ್ಲಿ, ಮೊನಚಾದ ಉಕ್ಕಿನ ಪಂಚ್ ಇಟ್ಟು ಮೂರು ಚುಕ್ಕೆ ಹೊಡೆಯುತ್ತಾನೆ. ಯಾವ ಊರಿಗೆ ಹೋದರೂ ಆ ಮಾಲು ಅವನದು. ಅಪ್ಪನ ಬೆರಳುಗಳು ಫ್ಯಾಕ್ಟರಿಯ ಪ್ರೆಸ್ ಮಷೀನಿಗೆ ಸಿಕ್ಕಿ ಹೋದ ವರ್ಷ ನಾನು ಸ್ಕೂಲು ಬಿಟ್ಟು ಆ ಶೆಡ್ಡು ಸೇರಿದೆ. ಐದು ವರ್ಷ ಆದಮೇಲೆ ಮಾವ ಪಂಚ್ ಕೈಗೆ ಕೊಟ್ಟು, "ನಿನಗೆ ಎರಡು ಸಾಕು. ಮೂರನೇದು ನಾನು ಸತ್ತ ಮೇಲೆ ಹೊಡ್ಕೋ," ಎಂದ. ಅಂದಿನಿಂದ ನನ್ನ ಕೈಯಿಂದ ಮುಗಿದ ಕೆಲಸಕ್ಕೆಲ್ಲ ಎರಡು ಚುಕ್ಕೆ.

ಈ ಶಾಫ್ಟಿಗೆ ಇರಲಿಲ್ಲ. ಏಕೆಂದರೆ ಇದನ್ನು ಮುಗಿಸಿದ್ದು ನಾನಲ್ಲ. ಅದು ಅವಳಿಗೂ ಗೊತ್ತಿತ್ತು.

ಒಂದು ಮಾತು ಆಡಿದ್ದರೆ ಅವಳ ಮಾನ ಅಲ್ಲೇ ಮೂರು ಪಾಲಾಗುತ್ತಿತ್ತು. ಅವಳನ್ನು ನೋಡಿದೆ. ನನ್ನನ್ನು ನೋಡದೆ ಮೇಜಿನ ಅಂಚಿನ ಸ್ಕ್ರೂ ನೋಡುತ್ತಿದ್ದಳು. ಕಿವಿ ಕೆಂಪಗಾಗಿತ್ತು. ಆ ಕಿವಿಯ ಮುಂದೆ ಒಂದು ಕೂದಲೆಳೆ ಯಾವಾಗಲೂ ಬಿಚ್ಚಿಕೊಂಡಿರುತ್ತದೆ. ದರಿದ್ರ ಕೂದಲೆಳೆ. ಅದನ್ನು ನೋಡಿದೆ.

ಶಾಫ್ಟ್ ಅಲ್ಲೇ ಇಟ್ಟು ಬಂದೆ. ಬೆನ್ನ ಹಿಂದೆ ಗೈಡ್ ಸರ್, "ಪ್ರಾಜೆಕ್ಟ್ ನಿಮ್ಮದು, ಕೆಲಸ ಅವನದಾ? ಫೈನಲ್‌ಗೆ ಹೊರಗಿನ ಎಕ್ಸಾಮಿನರ್ ಬರ್ತಾರೆ. ನೀವೇ ಮಾಡಿರಬೇಕು," ಎಂದು ಗದರುತ್ತಿದ್ದರು.

ಅವಳಿಗೆ ನಾನಿಟ್ಟ ಹೆಸರು 'ಐದು ನಿಮಿಷ'.

ವರ್ಕ್‌ಶಾಪಿನ ನೆಲದಲ್ಲಿ ಹಳದಿ ಗೆರೆ ಎಳೆದಿದ್ದಾರೆ. ಬೂಟು ಹಾಕದವರು ಅದನ್ನು ದಾಟುವಂತಿಲ್ಲ. ಮೊದಲ ದಿನವೇ ಚಪ್ಪಲಿಯಲ್ಲಿ ಬಂದು ಗೆರೆಯ ಆಚೆ ನಿಂತು, "ಅಣ್ಣಾ, ಐದೇ ನಿಮಿಷ," ಎಂದಳು. ಕಾಲೇಜಿನವರೆಲ್ಲ ನನ್ನನ್ನು ಅಣ್ಣ ಎಂದೇ ಕರೆಯುವುದು. ನನಗಿಂತ ಒಂದೇ ವರ್ಷ ಚಿಕ್ಕವರೂ ಅಣ್ಣ, ದೊಡ್ಡವರೂ ಅಣ್ಣ.

"ಬೂಟೆಲ್ಲಿ?"

"ಬೆಳಿಗ್ಗೆ ಎಂಟಕ್ಕೆ ಕ್ಲಾಸು, ಹತ್ತಕ್ಕೆ ಲ್ಯಾಬು, ಮಧ್ಯಾಹ್ನ ಇಂಟರ್ನಲ್ಸು, ಸಂಜೆ ಪ್ಲೇಸ್‌ಮೆಂಟ್ ಟ್ರೇನಿಂಗು. ಬೂಟಿನ ಲೇಸ್ ಕಟ್ಟೋಕೆ ಟೈಮೆಲ್ಲಿದೆ?"

"ಕಬ್ಬಿಣದ ಚಿಪ್ಸ್ ಕಾಲಿಗೆ ಚುಚ್ಚಿದ್ರೆ ಆಸ್ಪತ್ರೇಲಿ ಟೈಮೇ ಟೈಮು."

ನಕ್ಕಳು. ನಗುವಾಗ ಮೊದಲು ಕಣ್ಣು ಸಣ್ಣಗಾಗುತ್ತದೆ, ಆಮೇಲೆ ತುಟಿಗೆ ಸುದ್ದಿ ಮುಟ್ಟುತ್ತದೆ. ಮರುದಿನ ತಮ್ಮನ ಬೂಟು ಹಾಕಿಕೊಂಡು ಬಂದಳು. ಎರಡು ಸೈಜು ದೊಡ್ಡದು, ನಡೆದರೆ ಟಪ್ ಟಪ್ ಎನ್ನುತ್ತಿತ್ತು. ಲೇತಿನ ಗದ್ದಲದಲ್ಲೂ ಆ ಟಪ್ ಟಪ್ ನನಗೆ ಕೇಳಿಸತೊಡಗಿದಾಗ ಗ್ರಹಚಾರ ಕೆಟ್ಟಿತು ಎಂದು ಗೊತ್ತಾಯಿತು.

ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಲ್ಯಾಬ್ ರೆಕಾರ್ಡು, ಹಲ್ಲಿನ ನಡುವೆ ಪೆನ್ನು. ಬಸ್ಸಿನಲ್ಲಿ ಅಸೈನ್‌ಮೆಂಟ್ ಬರೆದದ್ದು ಅಕ್ಷರ ನೋಡಿದರೆ ತಿಳಿಯುತ್ತಿತ್ತು. ರಸ್ತೆಯ ಗುಂಡಿಗಳೆಲ್ಲ ಪುಟದ ಮೇಲೇ ಇದ್ದವು. ಹಾಗೆ ಹೇಳಿದ್ದಕ್ಕೆ ಪುಸ್ತಕ ಸುರುಳಿ ಸುತ್ತಿ ನನ್ನ ತೋಳಿಗೆ ಬಾರಿಸಿದಳು. ಬಾರಿಸಿದ ಮೇಲೆ ಪುಸ್ತಕ ಹಾಗೇ ಒಂದು ಗಳಿಗೆ ತೋಳಿನ ಮೇಲೇ ಇತ್ತು.

ಮೂರನೇ ವಾರ ಅಣ್ಣ ಎನ್ನುವುದನ್ನು ನಿಲ್ಲಿಸಿದಳು. ನಾನು ಗಮನಿಸಿದೆ. ನಾನು ಗಮನಿಸಿದ್ದನ್ನು ಅವಳು ಗಮನಿಸಿದಳು.

ಶಾಫ್ಟ್ ಕೆಟ್ಟದ್ದು ಅವಳ ಅವಸರದಿಂದ. ಕಬ್ಬಿಣ ಕೊರೆಯುವಾಗ ಕಾಯುತ್ತದೆ, ಕಾದರೆ ಹಿಗ್ಗುತ್ತದೆ. ಆಗ ಅಳೆದರೆ ಇರುವುದಕ್ಕಿಂತ ದಪ್ಪ ತೋರಿಸುತ್ತದೆ. ತಣ್ಣಗಾದ ಮೇಲೆ ಒಂದು ಕೂದಲಿನಷ್ಟೂ ಅಲ್ಲ, ಅದರ ಸಣ್ಣ ಪಾಲಿನಷ್ಟು ಕುಗ್ಗುತ್ತದೆ. ಬೇರಿಂಗಿಗೆ ಅಷ್ಟೇ ಸಾಕು, ನಿಲ್ಲುವುದಿಲ್ಲ.

ಆ ದಿನ ಇನ್ನೊಂದೇ ಒಂದು ಕಟ್, ಕೊನೆಯ ಸಣ್ಣ ಕೊರೆತ, ಬಾಕಿ ಇತ್ತು. ಫೋರ್‌ಮನ್ ಮೋಟಾರು ಎತ್ತಲು ಕರೆದ. "ಮುಟ್ಟಬೇಡ. ಬಿಸೀಲಿ ಕಬ್ಬಿಣ ಸುಳ್ಳು ಹೇಳತ್ತೆ. ಆರಲಿ, ಬಂದು ಅಳೀತೀನಿ," ಎಂದು ಹೇಳಿ ಹೋದೆ. ಎರಡು ಗಂಟೆಗೆ ಅವಳಿಗೆ ಇಂಟರ್ನಲ್ಸ್ ಪರೀಕ್ಷೆ ಇತ್ತು. ಬಂದು ನೋಡಿದರೆ ಲೇತ್ ಖಾಲಿ. ಬೆಂಚಿನ ಮೇಲೆ ಒಂದು ಚೀಟಿ: "ನಾನೇ ಮುಗಿಸಿದೆ. ಅಳತೆ ಸರಿ ಇದೆ. ಕೋಪ ಬೇಡ."

ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡವನು ನಾನು. ಕೋಪ ಬೇಡ ಎಂದು ಬರೆದದ್ದಕ್ಕೆ ಮರುಳಾದೆ.

ರಿವ್ಯೂ ಆದ ಸಂಜೆ ವರ್ಕ್‌ಶಾಪಿನ ಹಿಂದೆ, ಸ್ಕ್ರ್ಯಾಪಿನ ರಾಶಿಯ ಹತ್ತಿರ ಬಂದಳು. ನಾನು ಗುಡಿಸಿದ ಚಿಪ್ಸ್ ಸುರಿಯುತ್ತಿದ್ದೆ.

"ಬೈದುಬಿಡು," ಎಂದಳು.

"ಮೇಡಂಗೆ ಬೈಯೋಕೆ ನಾನ್ಯಾರು."

"ಹಂಗನ್ಬೇಡ. ನಾನೇ ಬಿಸೀಲಿ ಅಳ್ದಿದ್ದು. ಗೊತ್ತು ನನಗೆ."

"ಯಾವಾಗ ಗೊತ್ತಾಯ್ತು?"

ಕಾಲಿನಿಂದ ಒಂದು ಚಿಪ್ಸ್ ಸುರುಳಿ ಉರುಳಿಸಿದಳು. "ಬೇರಿಂಗ್ ಬಿದ್ದಾಗಲೇ."

"ಅಂದ್ರೆ ಗೊತ್ತಿದ್ದೇ ಅಂದೆ."

"ಭಯ ಆಯ್ತು. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಬಾಯಿಗೆ ಬಂದಿದ್ದಲ್ಲ ಅದು. ಮೊದಲಿಂದಾನೂ ಬಾಯೊಳಗೇ ಇದ್ದಿದ್ದು."

ಅವಳ ಕಣ್ಣು ತುಂಬಿತು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ? ಅಳಲಿ ಎಂದೇ ಆಡಿದ ಮಾತು ಅದು. ಇನ್ನೂ ಆಡಿದೆ. "ನಿಮ್ಮಂಥೋರಿಗೆ ಕೈ ಇರೋದು ಬೆರಳು ತೋರ್ಸೋಕೆ ಮಾತ್ರ," ಎಂದೆ. "ತಮ್ಮನ ಬೂಟು ಹಾಕ್ಕೊಂಡ್ರೆ ಕೆಲಸ ಬರಲ್ಲ," ಎಂದೆ. ಎಲ್ಲ ಕೇಳಿಸಿಕೊಂಡು ಮೂಗು ಒರೆಸಿಕೊಂಡಳು.

"ಏನ್ ಮಾಡಿದ್ರೆ ಸರಿ ಹೋಗತ್ತೆ ಹೇಳು. ಕಾಲಿಗೆ ಬೀಳ್ಲಾ?"

"ಕಾಲು ಬೇಡ. ಮೂವತ್ತು ಜನರ ಎದುರು ಅಂದೆ. ಆ ಮೂವತ್ತು ಜನರ ಎದುರೇ ಹೇಳು, ಕೆಡಿಸಿದ್ದು ನಾನು, ಅವನಲ್ಲ ಅಂತ. ಒಂದೇ ಮಾತು. ನನಗೆ ಇನ್ನೇನೂ ಬೇಡ."

"ಫೈನಲ್ ರಿವ್ಯೂ ದಿನ ಹೇಳ್ತೀನಿ. ನಮ್ಮಮ್ಮನಾಣೆ."

ತಿರುಗಿ ಎರಡು ಹೆಜ್ಜೆ ಹೋದವಳು ನಿಂತು, "ಇನ್ನೇನೂ ಬೇಡ್ವಾ?" ಎಂದು ಕೇಳಿದಳು. ಅಳುವಿನ ನಡುವೆಯೇ ಕಣ್ಣು ಸಣ್ಣಗಾಯಿತು. ನಾನು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಎರಡನೇ ಶಾಫ್ಟ್ ಮಾಡಿದ್ದು ನಾನೇ. ಅವಳೇ ಮಾಡಲಿ ಎಂದು ಹ್ಯಾಂಡಲ್ ಕೊಟ್ಟೆ, ಎರಡು ತುಂಡು ಹಾಳು ಮಾಡಿದಳು. ಫೈನಲ್‌ಗೆ ನಾಲ್ಕೇ ದಿನ ಉಳಿದಿತ್ತು. ಅವಳನ್ನು ಪಕ್ಕಕ್ಕೆ ಸರಿಸಿ ನಾನು ನಿಂತೆ.

ಕೊನೆಯ ಕಟ್ಟಿಗೆ ಮುಂಚೆ ಶಾಫ್ಟ್ ಆರಲು ಬಿಟ್ಟೆ. "ಈಗ ಒಂದು ಗಂಟೆ ಕಾಯ್ಬೇಕು. ಆಗತ್ತಾ ನಿನ್ನ ಕೈಲಿ?"

ವಾಚು ಬಿಚ್ಚಿ ನನ್ನ ಏಪ್ರನ್ನಿನ ಜೇಬಿಗೆ ಹಾಕಿದಳು. "ತಗೋ. ನಿನ್ನ ಹತ್ರಾನೇ ಇರ್ಲಿ."

ಸ್ಟೂಲಿನ ಮೇಲೆ ಕೂತಳು. ಮರುದಿನದ ಪರೀಕ್ಷೆಗೆ ಓದುತ್ತಿದ್ದಳು. ನಾನು ಎದುರಿಗೆ ಟೂಲ್ ಮಸೆಯುತ್ತಿದ್ದೆ. ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನಡುವೆ ಬಿದ್ದು ಅವಳ ಮಡಿಲಿನ ಪುಸ್ತಕದ ಮೇಲೆ ಗೆರೆ ಎಳೆದಿತ್ತು.

"ತಾಮ್ರ ಜಾಸ್ತಿ ಹಿಗ್ಗತ್ತಾ, ಕಬ್ಬಿಣಾನಾ? ಹೇಳು ನೋಡೋಣ."

"ತಾಮ್ರ."

"ಎಲ್ಲಿ ಓದಿದೆ?"

"ಓದಿಲ್ಲ. ಬೆರಳು ಸುಟ್ಟುಕೊಂಡಿದೀನಿ."

"ಎಲ್ಲಿ, ತೋರ್ಸು."

ತೋರಿಸಿದೆ. ಹಳೆಯ ಕಲೆ, ತೋರುಬೆರಳಿನ ಬದಿಯಲ್ಲಿ. ಅದನ್ನು ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ. ಕೈ ಹಿಡಿದುಕೊಂಡೇ ಮುಂದಿನ ಪುಟ ಓದಿದಳು. ಪುಟ ತಿರುಗಿಸಲು ಒಂದೇ ಕೈ ಇದ್ದದ್ದರಿಂದ ಗಲ್ಲದಿಂದ ತಿರುಗಿಸಿದಳು. ಅವಳ ಬೆರಳಿಗೆ ಶಾಯಿ, ನನ್ನದಕ್ಕೆ ಗ್ರೀಸು. ಬಿಟ್ಟಾಗ ಇಬ್ಬರಿಗೂ ಎರಡೂ ಹತ್ತಿತ್ತು.

ಅವಳು ಅಂದದ್ದನ್ನು ನಾನು ಆ ಒಂದು ಗಂಟೆ ಮರೆತಿದ್ದೆ. ಆ ಗಂಟೆಯ ಮೇಲೆ ನನಗೆ ಈಗಲೂ ಸಿಟ್ಟು.

ಶಾಫ್ಟ್ ಆರಿತು. ಕೊನೆಯ ಕಟ್ ಹಾಕಿ, ಮತ್ತೆ ಆರಿಸಿ, ಅಳೆದೆ. ಬೇರಿಂಗ್ ಇಟ್ಟು ಮರದ ಸುತ್ತಿಗೆಯಿಂದ ತಟ್ಟಿದರೆ ಬಿಗಿಯಾಗಿ, ಇಷ್ಟಿಷ್ಟೇ ಇಳಿದು ಕೂತಿತು. ಪಂಚ್ ತೆಗೆದೆ.

"ನಾನು ಹೊಡೀತೀನಿ," ಎಂದಳು.

ನಾನು ಪಂಚ್ ಹಿಡಿದೆ, ಅವಳು ಸುತ್ತಿಗೆ ಹೊಡೆದಳು. ಒಂದು ಚುಕ್ಕೆ. ಪಕ್ಕಕ್ಕೆ ಸರಿಸಿದೆ. ಇನ್ನೊಂದು.

ಬೆರಳಿನ ತುದಿಯಿಂದ ಮುಟ್ಟಿ ನೋಡಿದಳು. "ಒಂದು ನಿಂದು, ಒಂದು ನಂದು. ಮಾವಂಗೆ ಹೇಳ್ಬೇಡ."

ಫೈನಲ್ ರಿವ್ಯೂಗೆ ಫೋರ್‌ಮನ್ ಪಂಪು ಎತ್ತಿಡಲು ನನ್ನನ್ನೇ ಕಳಿಸಿದ. ಅದೇ ಲ್ಯಾಬು, ಅದೇ ಮೂವತ್ತು ಜನ. ಅವಳು ಇಸ್ತ್ರಿ ಮಾಡಿದ ಅಂಗಿ, ಅಳತೆಗೆ ಸರಿಯಾದ ಕಪ್ಪು ಬೂಟು. ನನ್ನನ್ನು ನೋಡಿ ರೆಪ್ಪೆ ಒಂದು ಸಲ ಮುಚ್ಚಿ ತೆರೆದಳು. ಹೇಳ್ತೀನಿ ಎಂಬಂತೆ. ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ತೊಳೆದ ಏಪ್ರನ್ ಹಾಕಿಕೊಂಡು ಹೋಗಿದ್ದೆ ನಾನು. ಮೂರ್ಖ.

ಪಂಪು ಓಡಿತು. ನೀರು ಬಂತು. ನರೆತ ಮೀಸೆಯ ಎಕ್ಸಾಮಿನರ್ ಬೇರಿಂಗ್ ಅಲ್ಲಾಡಿಸಿ ನೋಡಿದರು. ಅದು ಜಗ್ಗಲಿಲ್ಲ. "ಚೆನ್ನಾಗಿ ಕೂತಿದೆ," ಎಂದರು.

ಗೈಡ್ ಸರ್ ಮುಂದೆ ಬಂದರು. "ಹೋದ ಸಲ ವರ್ಕ್‌ಶಾಪ್‌ನವರು ಕೆಡಿಸಿದ್ರು ಸರ್. ಈ ಸಲ ಮಕ್ಕಳೇ ಮಾಡಿದಾರೆ."

"ಹೌದೇನಮ್ಮಾ?" ಎಂದು ಎಕ್ಸಾಮಿನರ್ ಅವಳನ್ನು ಕೇಳಿದರು.

ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಬಾಗಿಲು ತೆರೆದು, ಬಾ ಎಂದು ಕರೆದ ಹಾಗಿತ್ತು. ಅವಳ ತುಟಿ ಬಿಚ್ಚಿತು. ಗೈಡ್ ಸರ್ ಕೈಯಲ್ಲಿದ್ದ ಮಾರ್ಕ್ಸ್ ಹಾಳೆ ನೋಡಿದಳು.

"ಹೌದು ಸರ್."

"ನೀನೇ ಟರ್ನಿಂಗ್ ಮಾಡಿದ್ಯಾ? ಯಾರ ಸಹಾಯಾನೂ ಇಲ್ದೆ?"

"ವರ್ಕ್‌ಶಾಪ್ ಅಣ್ಣ ಮಷೀನ್ ಆನ್ ಮಾಡಿಕೊಟ್ರು ಸರ್."

ಅಣ್ಣ.

"ಅಳತೆ ಇಷ್ಟು ಕರೆಕ್ಟಾಗಿ ಹೇಗೆ ಬಂತು?"

"ಆರಲು ಬಿಟ್ಟು ಅಳೆದೆ ಸರ್. ಬಿಸೀಲಿ ಕಬ್ಬಿಣ ಸುಳ್ಳು ಹೇಳತ್ತೆ."

ಎಕ್ಸಾಮಿನರ್ ನಕ್ಕು, "ಭೇಷ್. ಈ ಮಾತು ಪುಸ್ತಕದಲ್ಲಿ ಸಿಗಲ್ಲ," ಎಂದು ಹಾಳೆಯ ಮೇಲೆ ಏನೋ ಬರೆದರು. ಆಮೇಲೆ ಶಾಫ್ಟಿನ ತುದಿಯ ಮೇಲೆ ಅವರ ಹೆಬ್ಬೆರಳು ಹೋಯಿತು. ನಿಂತಿತು.

"ಇದೇನಿದು, ಎರಡು ಚುಕ್ಕೆ?"

ಅವಳು ನನ್ನ ಕಡೆ ನೋಡಿದಳು. ಪೂರ್ತಿ ನೋಡಿದಳು, ಎರಡು ಕಣ್ಣಿಂದ. ಆ ನೋಟದಲ್ಲಿ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಇತ್ತು. ಅದೇ ನನ್ನ ಹೊಟ್ಟೆ ಉರಿಸುವುದು.

"ಪಂಚ್ ಜಾರಿತು ಸರ್," ಎಂದಳು.

ವರ್ಕ್‌ಶಾಪಿಗೆ ಬಂದು ಲೇತ್ ಒರೆಸುತ್ತಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಓಡಿ ಬಂದಳು. ಅವಳ ಗುಂಪಿನವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅವಳು ಹಳದಿ ಗೆರೆಯ ಹತ್ತಿರ ನಿಂತಳು. ಇವತ್ತು ಸರಿಯಾದ ಬೂಟು ಹಾಕಿದ್ದಳು. ತಡೆಯಲು ನನಗೆ ನೆಪವಿರಲಿಲ್ಲ. ದಾಟಿ ಬಂದಳು.

"ಹೇಳೋಕೇ ಬಾಯಿ ತೆಗ್ದೆ. ಸರ್ ಹಂಗಂದ್ಮೇಲೆ ಅವರ ಮಾತು ಸುಳ್ಳು ಅನ್ನೋದು ಹೆಂಗೆ? ಪ್ಲೇಸ್‌ಮೆಂಟ್‌ಗೆ ಇನ್ನು ಎಂಟೇ ದಿನ ಇರೋದು."

ನಾನು ಲೇತ್ ಒರೆಸಿದ ಕಾಟನ್ ವೇಸ್ಟ್ ಮಡಿಸಿ ಡಬ್ಬಿಗೆ ಹಾಕಿದೆ.

"ಈಗ ಹೇಳ್ತೀನಿ. ಇವರೆಲ್ಲರ ಎದುರೇ. ಏನ್ರೋ, ಕೇಳಿ. ಮೊದಲನೇದು ಕೆಡಿಸಿದ್ದು ನಾನು. ಇದು ಮಾಡಿದ್ದು ಇವನು." ಬಾಗಿಲಲ್ಲಿದ್ದವರು ಮೂವರು. ಒಬ್ಬ ಮೊಬೈಲ್ ನೋಡುತ್ತಿದ್ದ. "ಸಾಕಾ? ಇನ್ನೂ ಹೇಳ್ಬೇಕಾ? ನನಗೆ ನೀನಂದ್ರೆ ಇಷ್ಟ. ಇದನ್ನೂ ಇವರ ಎದುರೇ ಹೇಳ್ತಿದೀನಿ."

ಎಷ್ಟು ದಿನದಿಂದ ಕಾದಿದ್ದೆನೋ ಆ ಮಾತಿಗೆ. ಬಂತು. ಕೂದಲೆಳೆ ಕಿವಿಯ ಮುಂದೆ ಬಿಚ್ಚಿಕೊಂಡಿತ್ತು. ಕೈ ಚಾಚಿದರೆ ಸಿಗುವಷ್ಟು ದೂರ. ನಾಲಿಗೆಯ ತುದಿಯಲ್ಲಿ ಉತ್ತರವೂ ಇತ್ತು, ಎರಡು ಉತ್ತರ ಇದ್ದವು, ಒಂದಕ್ಕೊಂದು ಹೊಡೆದಾಡುತ್ತಿದ್ದವು.

ಮೇನ್ ಸ್ವಿಚ್ ಆಫ್ ಮಾಡಿದೆ. ಏಪ್ರನ್ ಬಿಚ್ಚಿದೆ. ತೊಳೆಯುವಾಗ ತೆಗೆದು ಮತ್ತೆ ಅದರ ಜೇಬಿಗೇ ಹಾಕಿದ್ದ ಅವಳ ವಾಚು ಇನ್ನೂ ಅಲ್ಲೇ ಇತ್ತು. ತೆಗೆದು ಲೇತಿನ ಮೇಲಿಟ್ಟೆ, ಅವಳಿಗೆ ಕಾಣುವ ಹಾಗೆ. ಬೆಂಚಿನ ಮೇಲಿದ್ದ ಪಂಚ್ ಮಾತ್ರ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

"ಏನಾದ್ರೂ ಅನ್ನು. ಬೈಯಾದ್ರೂ ಬೈ."

ಹಳದಿ ಗೆರೆ ದಾಟಿದೆ. ಬಾಗಿಲಲ್ಲಿದ್ದವರು ದಾರಿ ಬಿಟ್ಟರು.

"ನಿಲ್ಲು," ಎಂದಳು ಹಿಂದಿನಿಂದ. "ಐದೇ ನಿಮಿಷ."

ನಾನು ನಡೆದೆ.