ಬಿಸಿಲಿಗೆ ಬಗ್ಗದ ಹುಳಿ

ಕೆನ್ನೆಗೆ ಛಟೀರನೆ ಏಟು ಬಿತ್ತು. ಅವಳು ಕಣ್ಣು ಬಿಟ್ಟಳು.

ಮೇಲೆ ಉರಿಯುವ ಸೂರ್ಯ. ಬೆನ್ನ ಕೆಳಗೆ ವೈನರಿ ಅಂಗಳದ ಕಾದ ಕಲ್ಲು. ನಡುವೆ... ಯಾರೋ ಒಬ್ಬ ಗಂಡಸು! ಬೆವರಿನಲ್ಲಿ ತೊಯ್ದ ಮುಖ, ಕೆಂಪಗಾದ ಕಣ್ಣು. ಅವಳ ಅಂಗಿಯ ಕತ್ತಿನ ಗುಂಡಿಗಳು ಕಿತ್ತುಹೋಗಿದ್ದವು.

ಅಯ್ಯೋ ದೇವರೇ! ಯಾರಿವನು?

ಮತ್ತೊಂದು ಏಟಿಗೆ ಅವನು ಕೈ ಎತ್ತಿದ. ಅವಳು ಆ ಕೈಯನ್ನೇ ಹಿಡಿದು, ಹಲ್ಲು ಊರಿ ಕಚ್ಚಿದಳು. ಬಾಯಿಗೆ ರಕ್ತದ ರುಚಿ ಬಂತು. ಆಮೇಲೆ ಗಂಟಲು ಹರಿಯುವಂತೆ ಕಿರುಚಿದಳು.

"ಅಣ್ಣಾ!"

ಅಣ್ಣ ಬಂದ. ಬರಿಗೈಯಲ್ಲಿ ಬರಲಿಲ್ಲ, ಕಬ್ಬಿಣದ ರಾಡು ಹಿಡಿದೇ ಬಂದ.

ಮೊದಲ ಹೊಡೆತ ಬೆನ್ನಿಗೆ. ಎರಡನೆಯದು ತಡೆಯಲು ಎತ್ತಿದ ಬಲಗೈಗೆ. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು. ಅಷ್ಟರಲ್ಲಿ ಆಳುಗಳು ಓಡಿಬಂದರು. ಏನು, ಎತ್ತ ಎಂದು ಒಬ್ಬನಾದರೂ ಕೇಳಬೇಡವೇ? ಊಹೂಂ! ಒದ್ದವರು ಒದ್ದರು, ಗುದ್ದಿದವರು ಗುದ್ದಿದರು. ಅವನು ತಂದಿದ್ದ ದ್ರಾಕ್ಷಿಯ ಕ್ರೇಟು ಅವರ ಕಾಲಡಿಯಲ್ಲಿ ಅಪ್ಪಚ್ಚಿಯಾಯಿತು.

ವಿಚಿತ್ರವೆಂದರೆ, ಅವನು ಹೊಡೆಯುವವರ ಕಡೆ ನೋಡಲೇ ಇಲ್ಲ. ಬಾಯಿಂದ ರಕ್ತ ಸುರಿಯುತ್ತಿದ್ದರೂ ಅವಳನ್ನೇ ನೋಡುತ್ತಿದ್ದ.

"ನನ್ನನ್ನ ಆಮೇಲೆ ಹೊಡೀರಿ... ಮೊದ್ಲು ಅವ್ರ ಉಸಿರು ನೋಡಿ! ಉಸಿರು..."

"ಬಾಯ್ಮುಚ್ಚೋ ನಾಯಿ!"

ಅಣ್ಣನ ಬೂಟು ಅವನ ಮುಖಕ್ಕೆ ಬಿತ್ತು. ಮಾತು ಅಲ್ಲಿಗೇ ನಿಂತಿತು.

ಪೊಲೀಸರು ಬಂದರು. "ಕೈ ಮಾಡಿದ್ದು ಇವನೇನಾ ತಾಯಿ?" ಎಂದು ಕೇಳಿದರು. ನೆಲಮಾಳಿಗೆಗೆ ಇಳಿದದ್ದು ಅವಳಿಗೆ ನೆನಪಿತ್ತು. ಅಲ್ಲಿಂದ ಆ ಏಟಿನವರೆಗೆ ಎಲ್ಲ ಖಾಲಿ. ಆದರೂ ತಲೆ ಆಡಿಸಿದಳು.

ಅಷ್ಟೇ ಸಾಕಾಯಿತು. ಅವನನ್ನು ಮೂಟೆಯ ಹಾಗೆ ಜೀಪಿಗೆ ಎತ್ತಿ ಹಾಕಿದರು.

ಮಧ್ಯಾಹ್ನ ಅತ್ತಿಗೆ ಬಿಸಿನೀರು ತಂದು ಅವಳ ಕಾಲು ತೊಳೆದಳು.

"ಇದೇನೇ ಇದು! ಹಿಮ್ಮಡಿ ಎರಡೂ ಕಿತ್ತು ಹೋಗಿದೆ!"

"ಗೊತ್ತಿಲ್ಲ ಅತ್ತಿಗೆ... ನನ್ನನ್ನ ಸ್ವಲ್ಪ ಒಬ್ಳೇ ಬಿಡಿ."

ಒಂಟಿಯಾಗಿರುವ ಆಸೆಯೇನೂ ಅವಳಿಗಿರಲಿಲ್ಲ. ಒಬ್ಬನ ಜೊತೆ ಮಾತಾಡಬೇಕಿತ್ತು. ಮುಖವನ್ನೇ ನೋಡಿರದ ಒಬ್ಬನ ಜೊತೆ!

ಈ ಹುಚ್ಚು ಶುರುವಾದದ್ದು ದ್ರಾಕ್ಷಿಯಿಂದ. ಅಣ್ಣ ವೈನರಿಯ ಯಜಮಾನ, ತಂಗಿ ವೈನ್ ತಯಾರಿಸುವವಳು. ಅಣ್ಣನಿಗೆ ತಣ್ಣನೆ ಸೀಮೆಯ ಹೆಸರುವಾಸಿ ಬಿಳಿ ದ್ರಾಕ್ಷಿಯೇ ಆಗಬೇಕು. ಇಲ್ಲಿಯ ಬಿಸಿಲಿಗೆ ಆ ಹಣ್ಣು ಬೇಗನೆ ಸಿಹಿಯೇರಿ, ಹುಳಿ ಸತ್ತು, ವೈನೆಂಬುದು ಸಪ್ಪೆ ಪಾನಕವಾಗುತ್ತಿತ್ತು. ಸುಡುಬಿಸಿಲಲ್ಲೂ ಹುಳಿ ಬಿಡದ ಹಣ್ಣು ಯಾರ ಹತ್ತಿರವಾದರೂ ಇದೆಯೇ ಎಂದು ಅವಳು ಹುಡುಕುತ್ತಿದ್ದಾಗ ಸಿಕ್ಕಿದ್ದು ಅವನ ಫೋನ್ ನಂಬರು. ದಪ್ಪ ಸಿಪ್ಪೆಯ, ಬಿಸಿಲಿಗೆ ಜಗ್ಗದ ಬಿಳಿ ದ್ರಾಕ್ಷಿ ಬೆಳೆದು, ಊರವರಲ್ಲೆಲ್ಲ ನಗೆಪಾಟಲಾದವನು.

"ನಿಮ್ಮ ಹಣ್ಣು ತಿಂದ್ರೆ ಹಲ್ಲು ಜುಮ್ ಅನ್ನುತ್ತಂತೆ, ಹುಳಿ ಸಾಹೇಬ್ರೇ?"

"ತಾಕತ್ತಿದ್ರೆ ತಿಂದು ಮಾತಾಡಿ, ಮೂಗಿನ ಮೇಡಂ. ಬರೀ ಮೂಸಿ ನೋಡೋಕೆ ಸಂಬಳ ಬೇರೆ ನಿಮ್ಗೆ! ಒಂದಿನ ಹೇಳ್ದೆ ಕೇಳ್ದೆ ಕ್ರೇಟು ಹೊತ್ಕೊಂಡು ಬಂದುಬಿಡ್ತೀನಿ ನೋಡಿ."

ಹಣ್ಣಿನ ಮಾತು ಮುಗಿದರೂ ಫೋನ್ ಇಡಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ. ಹಾಗೇ ತಿಂಗಳುಗಳು ಕಳೆದಿದ್ದವು.

ಅವಳು ಈಗ ಅವನಿಗೆ ಫೋನ್ ಮಾಡಿದಳು. 'ಎತ್ತಿ... ದಯವಿಟ್ಟು ಎತ್ತಿ... ಇವತ್ತು ನಿಮ್ಮ ದನಿ ಕೇಳ್ಲೇಬೇಕು ನಾನು.'

ಫೋನ್ ರಿಂಗಾಯಿತು. ಕಿವಿಯಲ್ಲಷ್ಟೇ ಅಲ್ಲ, ಕಿಟಕಿಯ ಆಚೆ, ಅಂಗಳದಲ್ಲೂ!

ಅವಳು ಕುಂಟುತ್ತಾ ಹೊರಗೆ ಓಡಿದಳು. ಯಾರೂ ಗುಡಿಸದೆ ಬಿಟ್ಟಿದ್ದ ಒಡೆದ ಕ್ರೇಟಿನ ಕೆಳಗಿಂದ ಸದ್ದು ಬರುತ್ತಿತ್ತು. ಜಜ್ಜಿದ ದ್ರಾಕ್ಷಿಯ ಅಂಟಿನೊಳಗಿಂದ ಫೋನ್ ಎತ್ತಿಕೊಂಡಳು. ಬಿರುಕು ಬಿಟ್ಟ ಗಾಜಿನ ಮೇಲೆ ಹೊಳೆಯುತ್ತಿತ್ತು: ಮೂಗಿನ ಮೇಡಂ.

ಅಲ್ಲೇ ಕುಸಿದು ಕುಳಿತಳು.

'ಅವನಾ? ನನ್ನ ಹುಳಿ ಸಾಹೇಬ್ರಾ? ಅವನು ಹೀಗೆ ಮಾಡ್ತಾನಾ?'

ಕುಳಿತಲ್ಲಿಂದ ತನ್ನ ಹಿಮ್ಮಡಿ ನೋಡಿಕೊಂಡಳು. ಮೆಟ್ಟಿಲ ಕಲ್ಲಿಗೆ ಉಜ್ಜಿದ ಗಾಯ. ತನ್ನನ್ನು ಕೆಳಗಿಂದ ಯಾರೋ ಎಳೆದು ತಂದಿದ್ದಾರೆ. ಕೆಟ್ಟ ಕೆಲಸಕ್ಕೆ ಬಂದವನು ಕತ್ತಲ ನೆಲಮಾಳಿಗೆ ಬಿಟ್ಟು, ಆಳುಗಳು ಓಡಾಡುವ ಅಂಗಳಕ್ಕೆ ಏಕೆ ತರುತ್ತಾನೆ? ಉಸಿರು ನೋಡಿ, ಉಸಿರು ನೋಡಿ ಎಂದು ಏಕೆ ಅರಚುತ್ತಾನೆ?

ಉಸಿರು!

ದ್ರಾಕ್ಷಿ ರಸ ಹುದುಗು ಬರುವಾಗ ಹೊರಡುವ ಗಾಳಿಗೆ ಭಾರ ಹೆಚ್ಚು, ಅದು ನೆಲಮಾಳಿಗೆಯಲ್ಲೇ ತುಂಬಿಕೊಳ್ಳುತ್ತದೆ. ಅದನ್ನು ಹೊರಗೆಳೆಯುವ ದೊಡ್ಡ ಫ್ಯಾನ್ ನಿಂತರೆ, ಒಳಗಿರುವ ಮನುಷ್ಯ ಕೂಗುವ ಮೊದಲೇ ಬಿದ್ದುಹೋಗುತ್ತಾನೆ. ವೈನರಿಯಲ್ಲಿ ಕಸ ಗುಡಿಸುವವರಿಗೂ ಗೊತ್ತಿರುವ ವಿಷಯ ಇದು.

ಅಣ್ಣ ಜನರೇಟರ್ ಕೋಣೆಯ ಬಾಗಿಲಲ್ಲಿದ್ದ.

"ಬೆಳಗ್ಗೆ ಫ್ಯಾನ್ ಆಫ್ ಮಾಡಿದ್ದು ಯಾರು?"

ಅಣ್ಣ ಮುಖ ತಿರುಗಿಸಿದ.

"ಕೇಳಿದ್ದಕ್ಕೆ ಹೇಳು! ಯಾರು?"

"ನಾನೇ... ಕರೆಂಟ್ ಹೋಗಿತ್ತು. ಈ ಜನರೇಟರು ಫ್ಯಾನನ್ನೂ ಕೂಲರ್ ಮಷೀನನ್ನೂ ಒಟ್ಟಿಗೆ ಎಳಿಯಲ್ಲ ಕಣೇ. ಕೂಲರ್ ನಿಂತ್ರೆ ಈ ಸೆಖೆಗೆ ರಸ ಎಲ್ಲಾ ಬೆಂದುಹೋಗ್ತಿತ್ತು. ನೀನು ಕೆಳಗಿದ್ದೀಯ ಅಂತ ನನಗೆ ಗೊತ್ತಿರ್ಲಿಲ್ಲ, ನಿನ್ನಾಣೆ!"

"ಆಮೇಲೆ? ಆಮೇಲಾದ್ರೂ ಗೊತ್ತಾಯ್ತಲ್ಲ?"

"ಗೊತ್ತಾಯ್ತು." ಅಣ್ಣನ ದನಿ ಇಳಿಯಿತು. "ಅಷ್ಟೊತ್ತಿಗೆ ಅವನ ಕೈ ಮುರಿದಾಗಿತ್ತು. ಈಗ ನಿಜ ಹೇಳಿದ್ರೆ ನಾನು ಜೈಲಿಗೆ ಹೋಗ್ತೀನಿ. ಅದಕ್ಕೇ ಸುಮ್ನಿದ್ದೆ."

ಜೀವಮಾನದಲ್ಲಿ ಮೊದಲ ಸಲ ಅವಳು ಅಣ್ಣನ ಮೇಲೆ ಕೈ ಎತ್ತಿದಳು. ಒಂದಲ್ಲ, ಕೈ ಸೋಲುವವರೆಗೆ ಹೊಡೆದಳು. ಅಣ್ಣ ತಡೆಯಲಿಲ್ಲ.

"ಇನ್ನೂ ಒಂದಿದೆ," ಎಂದ ತಲೆ ತಗ್ಗಿಸಿ. "ಆಳುಗಳು ಠಾಣೆಯಲ್ಲಿ ಅವನ ವಿಳಾಸ ಕೇಳ್ಕೊಂಡು, ಮಚ್ಚು ತಗೊಂಡು ಅವನ ತೋಟಕ್ಕೆ ಹೋಗಿದ್ದಾರೆ. ಬಳ್ಳಿ ಎಲ್ಲಾ ಕಡಿದು ಹಾಕ್ತೀವಿ ಅಂದ್ರು... ನಾನು ಬೇಡ ಅನ್ನಲಿಲ್ಲ."

ಅತ್ತ ಠಾಣೆಯಲ್ಲಿ ಅವನು, ಇತ್ತ ತೋಟದಲ್ಲಿ ಅವನ ಬದುಕು. ಅಣ್ಣನ ಕಾಲರ್ ಹಿಡಿದು ಜಗ್ಗಿದಳು.

"ನೀನು ಠಾಣೆಗೆ ಹೋಗ್ತೀಯ. ಈಗಲೇ! ನಾನು ತಲೆ ಆಡಿಸಿದ್ದೂ ತಪ್ಪು ಅಂತ ಸೇರಿಸಿ ಎಲ್ಲ ಹೇಳ್ತೀಯ. ಇಲ್ಲದಿದ್ರೆ ಈ ಜನ್ಮದಲ್ಲಿ ನಿನ್ನನ್ನ ಅಣ್ಣಾ ಅನ್ನಲ್ಲ!"

ಸ್ಕೂಟರ್ ಹತ್ತಿ ತೋಟ ಸೇರುವ ಹೊತ್ತಿಗೆ ಅರ್ಧ ತೋಟ ನೆಲ ಕಚ್ಚಿತ್ತು. ಮಚ್ಚು ಬೀಸಿದ ಕಡೆಯೆಲ್ಲ ಗೊಂಚಲು ಸಮೇತ ಬಳ್ಳಿಗಳು ಉರುಳುತ್ತಿದ್ದವು. ಕಂಬಗಳ ತಂತಿ ತುಂಡಾಗಿ ಜೋತಾಡುತ್ತಿತ್ತು.

"ನಿಲ್ಲಿಸ್ರೋ!"

ಕೆಲಸದ ಅಮಲಿನಲ್ಲಿ ಯಾರಿಗೆ ಕೇಳಬೇಕು? ಅವಳು ಓಡಿಹೋಗಿ ಒಂದು ಬಳ್ಳಿಯ ಬುಡವನ್ನೇ ತಬ್ಬಿಕೊಂಡಳು. ಬೀಸಿದ ಮಚ್ಚು ಅಷ್ಟರಲ್ಲಿ ಇಳಿದಾಗಿತ್ತು. ಅವಳ ಎಡ ಮುಂಗೈ ಸೀಳಿ ರಕ್ತ ಚಿಮ್ಮಿತು.

"ಅಯ್ಯಯ್ಯೋ, ಅಮ್ಮಾವ್ರು!" ಮಚ್ಚು ಹಿಡಿದವನು ಅದನ್ನು ಎಸೆದೇಬಿಟ್ಟ.

"ಆ ಮನುಷ್ಯ ನನ್ನ ಪ್ರಾಣ ಉಳಿಸ್ದ ಕಣ್ರೋ!" ಅವಳ ಕಿರುಚಾಟಕ್ಕೆ ತೋಟವೇ ಸ್ತಬ್ಧವಾಯಿತು. "ನೆಲಮಾಳಿಗೆಯಲ್ಲಿ ಸಾಯ್ತಿದ್ದೆ ನಾನು! ಎಳ್ಕೊಂಡು ಬಂದು ಬದುಕಿಸ್ದ. ನಾವು ಅವನ ಕೈ ಮುರಿದ್ವಿ. ಇನ್ನೊಂದು ಬಳ್ಳಿ ಕಡೀಬೇಕಾದ್ರೆ ಮೊದ್ಲು ನನ್ನನ್ನ ಕಡೀರಿ, ಬನ್ನಿ!"

ಯಾರೂ ಬರಲಿಲ್ಲ. ಒಬ್ಬೊಬ್ಬರೇ ಮಚ್ಚು ನೆಲಕ್ಕಿಟ್ಟರು.

ಮರುದಿನ ಬೆಳಕು ಹರಿಯುವಾಗ ಅವನು ತೋಟಕ್ಕೆ ಬಂದ. ಬಲಗೈಗೆ ಪ್ಲಾಸ್ಟರು, ಊದಿದ ತುಟಿ. ಎಲ್ಲ ಒಪ್ಪಿಕೊಂಡ ಅಣ್ಣ ಠಾಣೆಯಲ್ಲೇ ಉಳಿದಿದ್ದ.

ಬಿದ್ದ ಸಾಲುಗಳನ್ನು ನೋಡುತ್ತಾ ನೋಡುತ್ತಾ ಅವನು ನಡೆದ. ಕೊನೆಯಲ್ಲಿ, ಉಳಿದ ಬಳ್ಳಿಗಳ ಹತ್ತಿರ, ಅವಳು ನಿಂತಿದ್ದಳು. ಮುಂಗೈಗೆ ಹೊಲಿಗೆ ಹಾಕಿಸಿಕೊಂಡು ನೇರ ಇಲ್ಲಿಗೇ ಬಂದಿದ್ದಳು.

"ಹೋಗಿ ಇಲ್ಲಿಂದ," ಎಂದ.

"ಹೋಗಲ್ಲ."

"ಕ್ರೇಟು ಇಳಿಸಿ ನೆಲಮಾಳಿಗೆ ಬಾಗಿಲಲ್ಲಿ ಇಣುಕಿದ್ರೆ ಯಾರೋ ಕೆಳಗೆ ಬಿದ್ದಿದ್ರು, ಉಸಿರು ಬಿಗಿಹಿಡಿದು ಎಳ್ಕೊಂಡು ಬಂದೆ. ನೀವು ಅಣ್ಣಾ ಅಂತ ಕಿರುಚಿದ್ರಲ್ಲ, ಆಗ್ಲೇ ನಿಮ್ಮ ದನಿ ಗುರುತು ಹತ್ತಿತ್ತು ನನಗೆ. ಅಯ್ಯೋ, ಇದು ನಮ್ಮ ಮೂಗಿನ ಮೇಡಂ! ಸದ್ಯ ಬದುಕಿದ್ರಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಅಷ್ಟರಲ್ಲಿ ರಾಡು ಬಿತ್ತು." ಅವನು ಪ್ಲಾಸ್ಟರು ಹಾಕಿದ ಕೈ ನೋಡಿಕೊಂಡ. "ಕೈ ಮುರಿದಿದ್ದೂ ಅಷ್ಟು ನೋಯ್ಲಿಲ್ಲ ಮೇಡಂ. ನೀವು ತಲೆ ಆಡಿಸಿದ್ರಿ ನೋಡಿ... ಅದು ನೋಯ್ತು."

ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಬೈಯಿರಿ. ಬೇಕಾದ್ರೆ ಹೊಡೀರಿ!"

"ಇರೋ ಒಂದು ಕೈಯಲ್ಲಿ ಏನಂತ ಹೊಡೀಲಿ?"

"ನಾನು ಋಣ ತೀರಿಸೋಕೆ ಬಂದಿಲ್ಲ. ಪ್ರೀತಿಸ್ತೀನಿ ಅಂತ ಹೇಳೋಕೆ ಬಂದೆ. ಮುಖ ನೋಡೋ ಮುಂಚೆಯಿಂದ್ಲೂ ಪ್ರೀತಿಸ್ತೀನಿ. ಬೇಡ ಅಂದ್ರೆ ಹೊರಗೆ ದಬ್ಬಿ. ಆದ್ರೆ ಬಿಸಿಲೇರೋಕೆ ಮುಂಚೆ ಉಳಿದ ಹಣ್ಣು ಕೊಯ್ಯಲೇಬೇಕು. ಕೊಯ್ದಾದ ಮೇಲೆ ದಬ್ಬಿ."

ಅವನು ಎಡಗೈ ಚಾಚಿ ಒಂದು ಗೊಂಚಲು ಹಿಡಿದ. ಅವಳು ಬಲಗೈಯಲ್ಲಿ ಕತ್ತರಿ ಎತ್ತಿದಳು. ಇಬ್ಬರೂ ಸೇರಿದಾಗ ಒಬ್ಬ ಮನುಷ್ಯನ ಕೆಲಸ ಸಾಗತೊಡಗಿತು.

"ಕೈ ನಡುಗ್ತಿದೆ ನಿಮ್ದು. ನನ್ನ ಬೆರಳು ಕತ್ತರಿಸ್ಬಿಟ್ಟೀರಿ."

"ಹಾಗಾದ್ರೆ ಹಿಡ್ಕೊಳ್ಳಿ ನನ್ನ ಕೈನ."

"ಹೇಗೆ ಹಿಡೀಲಿ? ಕೈಯಲ್ಲಿ ದ್ರಾಕ್ಷಿ ಇದೆ. ನಿಮ್ಮನ್ನ ಹಿಡಿದ್ರೆ ಇದನ್ನ ಬಿಡಬೇಕು."

ಅವಳು ಅವನ ಊದಿದ ಮುಖವನ್ನೇ ನೋಡಿದಳು.

"ದ್ರಾಕ್ಷಿ ಬಿಡಿ," ಎಂದಳು.

ಅವನು ಬಿಟ್ಟ.