ತೂಕ ಸರಿಯಾಗಿತ್ತು!

ಢಂ!

ಹಿಂದಿನ ಗಾಜು ಪುಡಿಪುಡಿಯಾಗಿ ನನ್ನ ಕುತ್ತಿಗೆಯ ಮೇಲೆ ಸುರಿಯಿತು.

ತಲೆ ತಗ್ಗಿಸಿ ಆಕ್ಸಿಲರೇಟರ್ ಒತ್ತಿದೆ. ಜಲ್ಲಿ ರಸ್ತೆ. ಎಡಕ್ಕೆ ಬೆಟ್ಟ, ಬಲಕ್ಕೆ ಕಮರಿ. ಕನ್ನಡಿಯಲ್ಲಿ ಡ್ವೇನ್ ಹಾಸ್ಕೆಲ್‌ನ ಕೆಂಪು ಟ್ರಕ್... ಅವನ ಒಂದು ಕೈ ಸ್ಟೀರಿಂಗ್ ಮೇಲೆ. ಕಿಟಕಿಯಾಚೆ ಚಾಚಿದ ಇನ್ನೊಂದು ಕೈಯಲ್ಲಿ ಪಿಸ್ತೂಲು!

ನನ್ನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದ್ದದ್ದು ಒಂದು ಮಿಷನ್ನು. ಅಡುಗೆಮನೆಯ ಮಿಕ್ಸಿಯಷ್ಟು ದೊಡ್ಡದು. ಡ್ವೇನ್‌ಗೆ ಬೇಕಾಗಿದ್ದದ್ದು ಅದು.

ನಾನು ಅದರ ಜೊತೆಗಿದ್ದೆ, ಅಷ್ಟೇ.

ನನ್ನ ಹೆಸರು ವಾಂಡಾ ಕ್ರೀಲ್. ಮೊಂಟಾನಾದ ಈ ಬೆಟ್ಟಗಳಲ್ಲಿ ಹತ್ತೊಂಬತ್ತು ವರ್ಷ ಶೆರೀಫ್‌ನ ಕೈಕೆಳಗೆ ಪೊಲೀಸ್ ಕೆಲಸ ಮಾಡಿದೆ. ಈಗ ಸ್ವಂತ ಪತ್ತೇದಾರಿಕೆ. ನಾಲ್ಕು ದಿನದ ಹಿಂದೆ ಆ ಮಿಷನ್ ಮಾಡುವ ಕಂಪನಿಯ ವಕೀಲ ಫೋನ್ ಮಾಡಿದ್ದ.

"ನೆಲ್ಡಾ ಬಾಕ್ಕೆ ಅಂತ ಒಬ್ಬಾಕೆ ಸತ್ತಿದಾಳೆ. ಹೋದ ಶನಿವಾರ ಗುರಿ ಪಂದ್ಯದಲ್ಲಿ ರೈಫಲ್ ಮುಖದ ಹತ್ರಾನೇ ಸಿಡಿದಿದೆ. ತೋಟಾ ತುಂಬಿದ್ದು ಅವಳ ಗಂಡ ಓರಿನ್, ಮನೇಲೇ, ನಮ್ಮ ಮಿಷನ್ನಲ್ಲಿ. ತೂಕ ತಪ್ಪಿರೋದು ಮಿಷನ್ನೋ ಮುದುಕನೋ, ನೋಡಿ ಹೇಳಿ."

"ಮುದುಕ ಅಂತ ಹೇಳಬೇಕು, ಅಲ್ವಾ?"

"ನಾನು ಹಾಗಂದೆನಾ?"

ಅಂದಿರಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಓರಿನ್ ನನಗೆ ಗೊತ್ತು. ಎಪ್ಪತ್ತೊಂದು ವರ್ಷ. ಸಾವಿರ ಗಜದಾಚೆಯ ಗುರಿಗೆ ಹೊಡೆಯುವ ಪಂದ್ಯಗಳಲ್ಲಿ ಒಂದು ಕಾಲದ ಹುಲಿ. ಅಂಗಡಿಯ ತೋಟಾ ಮುಟ್ಟಿದವನಲ್ಲ. ಖಾಲಿ ತೋಟಾಗಳನ್ನು ತೊಳೆದು, ಒಂದೊಂದಕ್ಕೂ ಮದ್ದು ತೂಗಿ ತುಂಬಿ, ಗುಂಡು ಕೂರಿಸುವುದು ಅವನ ಪೂಜೆ. ಕಣ್ಣಿಗೆ ಪೊರೆ ಬಂದು ಹಳೆಯ ತಕ್ಕಡಿಯ ಗೆರೆ ಕಾಣದಾದಾಗ ಹೆಂಡತಿಯೇ ಹುಟ್ಟುಹಬ್ಬಕ್ಕೆ ಈ ಮಿಷನ್ ತಂದುಕೊಟ್ಟಳು. ಮೇಲಿನ ಡಬ್ಬಿಗೆ ಮದ್ದು ಸುರಿದು ಇಷ್ಟು ತೂಕ ಎಂದು ಒತ್ತಿದರೆ ಸಾಕು. ಕೊಳವೆ ಗರಗರ ತಿರುಗಿ ಬಟ್ಟಲಿಗೆ ಮದ್ದು ಉದುರಿಸುತ್ತದೆ... ಕೊನೆಕೊನೆಗೆ ಒಂದೊಂದೇ ಕಾಳು. ತೂಕ ಮುಟ್ಟಿದ ಕೂಡಲೇ 'ಪೀಂ' ಎನ್ನುತ್ತದೆ. ಹಸಿರು ಅಂಕಿಗಳು ಹೆಬ್ಬೆರಳಷ್ಟು ದಪ್ಪ. ಪೊರೆಗಣ್ಣಿಗೂ ಕಾಣಬೇಕು.

ನಾನು ಹೋದಾಗ ಓರಿನ್ ಗ್ಯಾರೇಜಿನಲ್ಲಿ ಆ ಮಿಷನ್ ಮುಂದೆಯೇ ಕೂತಿದ್ದ. ಗಡ್ಡ ಬೆಳೆದಿತ್ತು. ಮೈಯಿಂದ ವಾಸನೆ ಬರುತ್ತಿತ್ತು.

"ನಾನು ತೂಗಿದ್ದೆ, ವಾಂಡಾ."

"ಗೊತ್ತು, ಓರಿನ್."

"ಇಪ್ಪತ್ತು ತೋಟಾ. ಇಪ್ಪತ್ತೂ ಸಲ ಅಂಕಿ ನೋಡ್ದೆ. ಸರಿಯಾಗೇ ಇತ್ತು!"

"ಗ್ಯಾರೇಜಲ್ಲಿ ಅವತ್ತು ಬೇರೆ ಯಾರಿದ್ರು?"

"ಡ್ವೇನ್ ಒಬ್ಬನೇ. ಕಣ್ಣು ಕಾಣಲ್ಲ ಅಂತ ಪಾಪ ಅವನೇ ಡಬ್ಬಿ ತುಂಬಿಸಿಕೊಡ್ತಿದ್ದ. ನೆಲ್ಡಾ ಪೈ ತಿನ್ನೋಕೆ ಕರೆದ್ಲು, ನಾನು ಒಳಗೆ ಹೋದೆ. ವಾಪಸ್ ಬರೋವಷ್ಟರಲ್ಲಿ ಎಲ್ಲಾ ರೆಡಿ ಮಾಡಿಟ್ಟಿದ್ದ. ಕೊನೆಗೆ ಉಳಿದ ಮದ್ದು ಸುರಿದು, ಬ್ರಷ್ ಹಾಕಿ ಒರೆಸಿದ್ದೂ ಅವನೇ. ಪಂದ್ಯದ ದಿನ ಉಳಿದ ತೋಟಾ ಎತ್ಕೊಂಡು ಹೋದದ್ದೂ ಅವನೇ."

"ಒಳ್ಳೆ ಗೆಳೆಯ."

"ಈಗ್ಲೂ ದಿನಾ ಸೂಪ್ ತಂದು ಕೈಯಾರೆ ಕುಡಿಸ್ತಾನೆ!"

ಶೆರೀಫ್‌ನ ಹುಡುಗರು ಬಂದು ಮಿಷನ್ನಿನ ತೂಕ ಪರೀಕ್ಷಿಸಿದ್ದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮುದುಕನದೇ ಎಡವಟ್ಟು ಎಂದು ಬರೆದುಕೊಂಡು ಹೋಗಿದ್ದರು.

ನಾನು ಕೊಳವೆ ಬಿಚ್ಚಿ ಬಿಳಿ ಹಾಳೆಯ ಮೇಲೆ ತಟ್ಟಿದೆ.

ಹನ್ನೊಂದು ಕಾಳು ಉದುರಿದವು.

ಓರಿನ್‌ನ ಮದ್ದು ಸಣ್ಣ ಕಡ್ಡಿಯಂಥದು. ರೈಫಲ್ಲಿನದು, ನಿಧಾನಕ್ಕೆ ಉರಿಯುವಂಥದು. ಇದರಲ್ಲಿ ಐದು ಕಾಳು ಚಪ್ಪಟೆ ಬಿಲ್ಲೆಗಳು! ಪಿಸ್ತೂಲಿನ ಮದ್ದು. ಥಟ್ಟನೆ ಉರಿಯುವಂಥದು. ರೈಫಲ್ಲಿನ ತೋಟಾಕ್ಕೆ ಅಷ್ಟೇ ತೂಕದಲ್ಲಿ ಅದು ಹೋದರೆ ಬಂದೂಕು ಬಂದೂಕಾಗಿ ಉಳಿಯುವುದಿಲ್ಲ.

ಮಿಷನ್ ತೂಕ ನೋಡುತ್ತದೆ. ಜಾತಿ ನೋಡುವುದಿಲ್ಲ.

ಓರಿನ್ ಪಿಸ್ತೂಲು ಇಟ್ಟವನಲ್ಲ. ಡ್ವೇನ್ ಸೊಂಟಕ್ಕೆ ಪಿಸ್ತೂಲಿಲ್ಲದೆ ಚರ್ಚಿಗೂ ಹೋಗುವವನಲ್ಲ. ಹಣವಂತರನ್ನು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಬೆಟ್ಟ ಹತ್ತಿಸುವುದು ಅವನ ಕಸುಬು.

ಕಾಳುಗಳನ್ನು ಹಾಳೆಯಲ್ಲೇ ಮಡಚಿ ಡಬ್ಬಿಯೊಳಗಿಟ್ಟು, ಮಿಷನ್ ಟ್ರಕ್ಕಿಗೆ ಹಾಕಿಕೊಂಡು ನೇರ ಅವನ ಮನೆಗೆ ಹೋದೆ. ದಡ್ಡತನ. ಒಪ್ಪುತ್ತೇನೆ. ಅವನ ಮುಖ ನೋಡಬೇಕಿತ್ತು.

"ಕೊಳವೇಲಿ ಐದು ಬಿಲ್ಲೆ ಸಿಕ್ತು, ಡ್ವೇನ್."

ಅವನು ನಕ್ಕ. ಕಾಫಿ ಬಗ್ಗಿಸಿ ಕೊಟ್ಟ. ಆದರೆ ಕಣ್ಣು ಮಾತ್ರ ಕಿಟಕಿಯಾಚೆಯ ನನ್ನ ಟ್ರಕ್ಕಿನ ಮೇಲಿತ್ತು.

"ವಯಸ್ಸಾಯ್ತು ಕಣೇ ನಿಂಗೆ. ಮನೇಲಿ ಕೂತು ಸ್ವೆಟರ್ ಹೆಣಿ."

"ಹೆಣೀತೀನಿ. ಮೊದಲು ಇದನ್ನ ಶೆರೀಫ್‌ಗೆ ಕೊಟ್ಟು ಬರ್ತೀನಿ."

ಎರಡು ಮೈಲಿ ಬರುವಷ್ಟರಲ್ಲಿ ಗಾಜು ಒಡೆಯಿತು.

ಢಂ! ಮತ್ತೊಂದು!

ಹಿಂದಿನ ಟೈರು ಹೋಯಿತು. ಟ್ರಕ್ ಬಾಲ ಒದರಿತು. ಸ್ಟೀರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಜಾರುತ್ತಾ, ದನದ ಬೇಲಿ ಮುರಿದು, ದೊಡ್ಡ ಬಂಡೆಯೊಂದಕ್ಕೆ ಐದಡಿ ಇರುವಾಗ ನಿಂತಿತು. ಹಣೆ ಸ್ಟೀರಿಂಗ್‌ಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಎಡಗೈ ಮುಂಗೈ ಹತ್ತಿರ ಮುರಿದಿತ್ತು.

ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು.

ಡ್ವೇನ್ ಅವಸರವಿಲ್ಲದೆ ನಡೆದು ಬಂದ. ಟ್ರಕ್ಕಿನ ಮುಂದೆ ನಿಂತು ಪಿಸ್ತೂಲು ಎತ್ತಿ ನನ್ನ ಮುಖಕ್ಕೆ ಗುರಿಯಿಟ್ಟ. ಅವನ ಬೆನ್ನಿಗೆ ಬಂಡೆ.

"ಇಳಿ. ಮಿಷನ್ ಎತ್ಕೊಂಡು ಇಳಿ."

"ಕೈ ಮುರಿದಿದೆ."

"ಇನ್ನೊಂದಿದೆಯಲ್ಲ!"

"ಒಂದೇ ಒಂದು ಮಾತು. ನೆಲ್ಡಾ ನಿಂಗೇನು ಮಾಡಿದ್ಲು?"

"ಏನೂ ಮಾಡಿರ್ಲಿಲ್ಲ." ಅವನು ನಿಜವಾಗಿಯೂ ಬೇಸರಪಟ್ಟ. "ಮೊದಲ ಗುಂಡು ಯಾವಾಗಲೂ ಓರಿನ್ನೇ ಹೊಡೀತಿದ್ದ. ಅವಳು ಯಾಕೆ ನಡುವೆ ಬಂದ್ಲೋ! ಹೂಂ, ಇಳಿ ಈಗ."

ಬ್ರೇಕಿನ ಮೇಲಿನ ಕಾಲು ತೆಗೆದೆ.

ಎರಡು ಟನ್ ಕಬ್ಬಿಣ ಐದಡಿ ಉರುಳಿತು. ಗುಂಡು ಮೋಡಕ್ಕೆ ಹಾರಿತು. ಆಮೇಲೆ ಒಂದು ಸದ್ದು... ಹಸಿ ಕಟ್ಟಿಗೆ ಮುರಿದ ಹಾಗೆ.

ಹ್ಯಾಂಡ್‌ಬ್ರೇಕ್ ಎಳೆದೆ. ಟ್ರಕ್ ಅಲ್ಲಿಂದ ಕದಲಬಾರದಲ್ಲ!

ಇಳಿದು ಪಿಸ್ತೂಲನ್ನು ಕಾಲಿನಿಂದ ದೂರ ತಳ್ಳಿದೆ. ಬಲ ತೊಡೆ ಬಂಪರಿಗೂ ಬಂಡೆಗೂ ನಡುವೆ ಸಿಕ್ಕಿತ್ತು.

"ಹಿಂದೆ ತೆಗಿ! ವಾಂಡಾ... ಕಾಲು! ನಿನ್ನ ಕಾಲಿಗೆ ಬೀಳ್ತೀನಿ, ತೆಗಿ!"

ಫೋನನ್ನು ಬಾನೆಟ್ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆ.

"ಮೊದಲು ಮಾತು. ಆಮೇಲೆ ಆಂಬುಲೆನ್ಸು. ಓರಿನ್ನನ್ನ ಯಾಕೆ ಕೊಲ್ಲಬೇಕಿತ್ತು?"

"ಆಂಬುಲೆನ್ಸ್ ಕರೀ, ಹೇಳ್ತೀನಿ!"

ನಾನು ಬಂಪರ್ ಮೇಲೆ ಕೂತೆ. ಟ್ರಕ್ ಒಂಚೂರು ತಗ್ಗಿತು. ಅವನು ಕಿರುಚಿದ ಕಿರುಚಿಗೆ ಬೇಲಿಯ ಮೇಲಿನ ಕಾಗೆಗಳು ಎದ್ದವು.

"ಹೋದ ವರ್ಷ..." ಮಾತು ತುಂಡಾಗುತ್ತಿತ್ತು. "ಒಬ್ಬ ಹುಡುಗಿ... ಒಬ್ಬಳೇ ಬೆಟ್ಟ ಹತ್ತುತ್ತಿದ್ಲು. ಪೊದೆ ಅಲ್ಲಾಡ್ತು. ಎಲ್ಕ್ ಅನ್ಕೊಂಡೆ..."

"ಸತ್ತಳಾ?"

"ಆಗ್ಲೇ ಸಾಯ್ಲಿಲ್ಲ."

"ಎಷ್ಟು ಹೊತ್ತು ಬದುಕಿದ್ಲು?"

ಅವನು ಮುಖ ತಿರುಗಿಸಿದ. ನಾನು ಬಂಪರ್ ಮೇಲೆ ಸ್ವಲ್ಪ ಜರುಗಿ ಕೂತೆ.

"ಸಂಜೆವರೆಗೂ! ನೀರು ಕೇಳ್ತಿದ್ಲು! ಆಮೇಲೆ ಹೂತೆ. ಓರಿನ್‌ಗೆ ಅವಳ ಚೀಲ ನನ್ನ ಶೆಡ್ಡಲ್ಲಿ ಸಿಕ್ತು. ಭಾನುವಾರದೊಳಗೆ ನೀನೇ ಹೋಗಿ ಶೆರೀಫ್‌ಗೆ ಹೇಳು ಅಂದ. ಶನಿವಾರ ಪಂದ್ಯ ಇತ್ತು..."

"ಹೂತಿದ್ದು ಎಲ್ಲಿ?"

ಹೇಳಿದ. ಹಳ್ಳದ ಹೆಸರು, ಮರದ ಗುರುತು, ಎಲ್ಲಾ.

ಆಂಬುಲೆನ್ಸಿಗೆ ಫೋನ್ ಮಾಡಿದೆ.

ಮಾರನೇ ದಿನ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಓರಿನ್ ಮನೆಗೆ ಹೋದೆ. ಅಡುಗೆಮನೆಯಲ್ಲಿದ್ದ. ಎಲ್ಲಾ ಹೇಳಿದೆ. ಅವನು ಅಂಗೈಯಲ್ಲಿ ಮೇಜು ಸವರಿದ.

"ದೇವರ ಶಿಕ್ಷೆ ಅನ್ಕೊಂಡಿದ್ದೆ. ಯಾರದೋ ಮಗಳ ಸಾವು ಒಂದು ವಾರ ಮುಚ್ಚಿಟ್ಟೆ. ಅದಕ್ಕೇ ನನ್ನವಳನ್ನ ಕರ್ಕೊಂಡ ಅಂತ."

"ದೇವರಲ್ಲ ಓರಿನ್. ಡ್ವೇನ್."

"ಆ ತೋಟಾ... ನಂಗೆ ಇಟ್ಟಿದ್ದಾ?"

ಸುಳ್ಳು ಹೇಳಬಹುದಿತ್ತು. ಯಾಕೋ ಬಾಯಿ ಬರಲಿಲ್ಲ.

"ಹೌದು."

"ಅವತ್ತು ಕಣ್ಣಲ್ಲಿ ನೀರು ಸುರೀತಿತ್ತು. 'ಒರೆಸ್ಕೋ ಮಾರಾಯ, ಅಲ್ಲೀವರೆಗೆ ನಾನೊಂದು ಹೊಡೀತೀನಿ' ಅಂದ್ಲು." ಅವನು ಪೊರೆಗಣ್ಣು ನನ್ನ ಕಡೆ ಎತ್ತಿದ. "ನೀನು ಬರದೇ ಇದ್ದಿದ್ರೆ ಚೆನ್ನಾಗಿತ್ತು, ವಾಂಡಾ. ದೇವರ ಮೇಲಾದ್ರೂ ಹಾಕಿ ಬದುಕ್ತಿದ್ದೆ."

ಒಲೆಯ ಮೇಲೆ ಡ್ವೇನ್ ತಂದಿಟ್ಟಿದ್ದ ಸೂಪು ಇತ್ತು. ಚೆಲ್ಲಿ, ಪಾತ್ರೆ ತೊಳೆದಿಟ್ಟು ಬಂದೆ. ಅಷ್ಟೇ ನನ್ನಿಂದ ಆದದ್ದು.

ಡ್ವೇನ್ ಬದುಕಿದ. ಕಾಲು ಉಳಿಯಲಿಲ್ಲ. ಬಲವಂತದ ಹೇಳಿಕೆ ಎಂದು ರೆಕಾರ್ಡಿಂಗನ್ನು ಕೋರ್ಟು ಎತ್ತಿ ಎಸೆಯಿತು. ಆದರೆ ಹಳ್ಳದಲ್ಲಿ ಆ ಹುಡುಗಿಯನ್ನು ಹೂತ ಜಾಗದಲ್ಲೇ ಅವನ ಕೋಟೂ ಸಿಕ್ಕಿತ್ತು. ಅದನ್ನು ಎಸೆಯಲು ಯಾರಿಂದಲೂ ಆಗಲಿಲ್ಲ.

ವಿಚಾರಣೆಯಲ್ಲಿ ಅವನ ವಕೀಲ ನನ್ನ ಮುಂದೆ ಬಂದು ಬೆರಳು ಎತ್ತಿದ.

"ನನ್ನ ಕಕ್ಷಿದಾರ ಬಂಡೆಗೆ ಸಿಕ್ಕಿ ನರಳ್ತಿದ್ದಾಗ ನೀವು ಏಳು ನಿಮಿಷ ಸುಮ್ಮನೆ ಕೂತಿದ್ರಿ! ಹೌದೋ ಅಲ್ವೋ?"

"ಸುಳ್ಳು!" ಎಂದೆ.

ಅವನು ಜ್ಯೂರಿಯ ಕಡೆ ತಿರುಗಿ ಗೆದ್ದವನಂತೆ ನಕ್ಕ.

"ಹಾಗಾದ್ರೆ ಎಷ್ಟು ನಿಮಿಷ, ಮೇಡಂ?"

"ಒಂಬತ್ತು."